ಮ್ಯೂಸಿಯಂನ ಕತ್ತಲೆ ಕೋಣೆಯಲ್ಲಿ ಸಿನಿಮಾ: ಸಮಯ ಹೇಳಿ ತೋರಿಸಬೇಕಾ, ಸುತ್ತು ಹಾಕಿಸುತ್ತಾ ಬಿಡಬೇಕಾ?

ನಡುವೆ_ಬಂದವನು:

ಕಲಾ ಮ್ಯೂಸಿಯಂಗಳು ಸಿನಿಮಾ, ವಿಡಿಯೋ ತೋರಿಸುವ ರೀತಿ ಬಗ್ಗೆ ನನ್ನದೊಂದು ತಕರಾರು ಇದೆ. ಇಲ್ಲಿ ಈ ಕೆಲಸ ಮಾಡುವವರೂ ಕೆಲವರು ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಮ್ಯೂಸಿಯಂನಲ್ಲಿ ಎರಡು ಥರ ತೋರಿಸುತ್ತಾರೆ. ಒಂದು ಸಭಾಂಗಣದಲ್ಲಿ. ಇಂಥ ದಿನ, ಇಷ್ಟು ಗಂಟೆಗೆ ಅಂತ ಮೊದಲೇ ಹೇಳಿರುತ್ತಾರೆ. ಕುರ್ಚಿ ಇರುತ್ತದೆ. ದೀಪ ಆರುತ್ತದೆ, ಸಿನಿಮಾ ಶುರುವಾಗುತ್ತದೆ, ಮುಗಿಯುತ್ತದೆ. ಇದರ ಬಗ್ಗೆ ನನ್ನ ದೂರಿಲ್ಲ. ಇನ್ನೊಂದು, ಗ್ಯಾಲರಿಯಲ್ಲಿ ಚಿತ್ರಗಳ ಸಾಲು ಮುಗಿಯುವಲ್ಲಿ ಕಪ್ಪು ಪರದೆ ಇಳಿಬಿಟ್ಟ ಕೋಣೆ. ಒಳಗೆ ಏನೋ ಓಡುತ್ತಿರುತ್ತದೆ. ನಾವು ಹೋದಾಗ ಅದು ಶುರುವಾ, ನಡುವಾ, ಕೊನೆಯಾ, ಒಂದೂ ಗೊತ್ತಾಗುವುದಿಲ್ಲ. ಹೊರಗಿನ ಲೇಬಲ್ ನೋಡಿದರೆ 'ಒಂದು ಚಾನೆಲ್ ವಿಡಿಯೋ, ಬಣ್ಣ, ಧ್ವನಿ, 47 ನಿಮಿಷ, ಲೂಪ್' ಅಂತ ಬರೆದಿರುತ್ತದೆ. ಲೂಪ್ ಅಂದರೆ ಮುಗಿದ ಕೂಡಲೇ ಮತ್ತೆ ಮೊದಲಿಂದ, ದಿನವಿಡೀ ಸುತ್ತು. 47 ನಿಮಿಷ! ಕೂರಲು ಇರುವುದು ಒಂದೇ ಬೆಂಚು, ಅದಕ್ಕೂ ಒರಗುವ ಹಲಗೆ ಇಲ್ಲ. ಅದರ ಮೇಲೆ ಆಗಲೇ ಯಾರೋ ಕೂತಿರುತ್ತಾರೆ.

ಏನು ಮಾಡುತ್ತೇವೆ? ಗೋಡೆಗೆ ಒರಗಿ ಎರಡು ನಿಮಿಷ ನಿಲ್ಲುತ್ತೇವೆ. ಅರ್ಥವಾದವರ ಹಾಗೆ ತಲೆಯಾಡಿಸಿ ಹೊರಗೆ ಬರುತ್ತೇವೆ. ಎಲ್ಲರೂ ಮಾಡುವುದು ಇದನ್ನೇ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ನನ್ನ ವಾದ ಇಷ್ಟು. ಹದಿನೈದು ನಿಮಿಷಕ್ಕಿಂತ ಜಾಸ್ತಿ ಇರುವುದನ್ನು ಗ್ಯಾಲರಿಯಲ್ಲಿ ಸುತ್ತು ಹಾಕಿಸಬಾರದು. ಸಮಯ ಹೇಳಿ, ಕುರ್ಚಿ ಹಾಕಿ ತೋರಿಸಬೇಕು. ಯಾರು ಏನಂತೀರಿ?

ರೀಲು_ಮಾಮ:

ಪ್ರೊಜೆಕ್ಷನ್ ರೂಮಿನಲ್ಲೇ ತಲೆ ಬೆಳ್ಳಗಾದವನು ನಾನು, ನಿಮ್ಮ ಕಡೆಗೇ ವಾಲುತ್ತೇನೆ. ಆದರೆ ಸಭಾಂಗಣದ ಶಿಸ್ತೂ ತಾನಾಗಿ ಬಂದದ್ದಲ್ಲ.

ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್, ಅಂದರೆ ಮೋಮಾ, 1929ರಲ್ಲಿ ಶುರುವಾಯಿತು. ಅಲ್ಲಿ ಫಿಲ್ಮ್ ಲೈಬ್ರರಿ ಬಂದದ್ದು 1935ರಲ್ಲಿ. ಅದರ ಮೊದಲ ಕ್ಯುರೇಟರ್ ಐರಿಸ್ ಬ್ಯಾರಿ ಅನ್ನುವ ಹೆಂಗಸು. ಆಗ ಹಳೇ ಸಿನಿಮಾಗೆ ಕಿಮ್ಮತ್ತೇ ಇರಲಿಲ್ಲ. ಟಾಕಿ ಬಂದಮೇಲೆ ಮೂಕಿ ಚಿತ್ರಗಳ ಪ್ರಿಂಟುಗಳನ್ನು ಎಸೆಯುತ್ತಿದ್ದರು, ಇಲ್ಲವೇ ಅದರಲ್ಲಿದ್ದ ಬೆಳ್ಳಿ ತೆಗೆಯಲು ಕೊಡುತ್ತಿದ್ದರು. ಬ್ಯಾರಿ ಅದೇ ವರ್ಷ ಹಾಲಿವುಡ್‌ಗೆ ಹೋದರು. ಮೂಕಿ ಕಾಲದ ದೊಡ್ಡ ನಟಿ ಮೇರಿ ಪಿಕ್‌ಫೋರ್ಡ್ ಮನೆಯಲ್ಲಿ ಚಿತ್ರರಂಗದ ದೊಡ್ಡವರನ್ನೆಲ್ಲ ಸೇರಿಸಿ, ಅವರದೇ ಹಳೇ ಚಿತ್ರಗಳ ತುಣುಕು ತೋರಿಸಿ, ಇವನ್ನು ನಮಗೆ ಕೊಡಿ, ಉಳಿಸುತ್ತೇವೆ ಅಂತ ಕೇಳಿದರು. ಚಿತ್ರ ಮಾಡಿದವರಿಗೇ ಬೇಡವಾದದ್ದನ್ನು ಕಲಾ ಮ್ಯೂಸಿಯಂ ಕೈಚಾಚಿ ಬೇಡಿತು ನೋಡಿ.

1939ರ ಹೊಸ ಕಟ್ಟಡದಲ್ಲಿ ಸಿನಿಮಾಗೆ ಅಂತಲೇ ಸಭಾಂಗಣವೂ ಆಯಿತು. ಜನ ಬಂದರು, ಆದರೆ ಸುಮ್ಮನೆ ಕೂರಲಿಲ್ಲ. ಹಳೇ ನಟನೆ ನೋಡಿ ನಗುವುದು, ಕೂಗುವುದು, ಒಬ್ಬರಿಗೊಬ್ಬರು ಜಗಳ. ಗಲಾಟೆ ನಿಲ್ಲದಿದ್ದರೆ ಚಿತ್ರ ನಿಲ್ಲಿಸುತ್ತೇವೆ ಅಂತ ಬರೆದ ಸ್ಲೈಡ್ ಒಂದನ್ನು ಸಿದ್ಧವಾಗಿಯೇ ಇಟ್ಟುಕೊಂಡಿರುತ್ತಿದ್ದರು. ಬ್ಯಾರಿ ಕೂರುವ ಸೀಟಿನ ಪಕ್ಕ ಪ್ರೊಜೆಕ್ಷನ್ ರೂಮಿಗೆ ಒಂದು ಫೋನ್ ಇತ್ತು. ಗಲಾಟೆ ಜಾಸ್ತಿಯಾದರೆ ಫೋನ್ ಎತ್ತುವುದೇ.

ಇನ್ನೊಂದು ತುದಿಗೆ ಹೋದವನು ಆಸ್ಟ್ರಿಯಾದ ಪ್ರಯೋಗಶೀಲ ಚಿತ್ರಗಳ ನಿರ್ದೇಶಕ ಪೀಟರ್ ಕುಬೆಲ್ಕಾ. 1970ರಲ್ಲಿ ನ್ಯೂಯಾರ್ಕಿನ ಆಂಥಾಲಜಿ ಫಿಲ್ಮ್ ಆರ್ಕೈವ್ಸ್‌ಗೆ 'ಕಾಣದ ಸಿನಿಮಾ ಮಂದಿರ' ಮಾಡಿಕೊಟ್ಟ. ಗೋಡೆ, ಸೀಟು, ಎಲ್ಲವೂ ಕಪ್ಪು. ಪ್ರತಿ ಸೀಟಿಗೂ ಎರಡು ಪಕ್ಕ ಮರೆ, ತಲೆಯ ಮೇಲೆ ಮುಸುಕಿನಂಥ ಮಾಡು. ಪಕ್ಕದವರು ಕಾಣಬಾರದು, ತೆರೆ ಮಾತ್ರ ಕಾಣಬೇಕು. ನಾಲ್ಕೇ ವರ್ಷ ನಡೆಯಿತು. ನನಗೇನೋ ಅದು ಸ್ವಲ್ಪ ಅತಿ ಅನಿಸುತ್ತದೆ. ಪಕ್ಕದವರು ನಗುವುದು ಕಾಣದಿದ್ದರೆ ಸಿನಿಮಾ ಮಂದಿರಕ್ಕೆ ಯಾಕೆ ಹೋಗಬೇಕು?

ಯಾಕ್_ಸ್ವಾಮಿ:

ಇಷ್ಟೆಲ್ಲಾ ಯಾಕ್ ಸ್ವಾಮಿ? ಮನೆಯಲ್ಲಿ ಕಾಲು ಚಾಚಿಕೊಂಡು ನೋಡಿದರೆ ಆಗಲ್ವಾ? ಲಿಂಕ್ ಹಾಕಿ ಅಂದರೆ ಮುಗೀತು.

ಗೋಡೆಗೆ_ಮೊಳೆ:

ನಾನು ಪ್ರದರ್ಶನ ಜೋಡಿಸುವ ಕೆಲಸದವನು. ಪ್ರೊಜೆಕ್ಟರ್ ನೇತು ಹಾಕುವುದು, ವೈರ್ ಎಳೆಯುವುದು, ಪರದೆ ಹೊಲಿಸುವುದು, ಬೆಳಗ್ಗೆ ಎಲ್ಲ ಆನ್ ಆಯಿತಾ ನೋಡುವುದು. ಆದ್ದರಿಂದ ಗ್ಯಾಲರಿ ಪರವಾಗಿ ನಾಲ್ಕು ಮಾತು.

@ನಡುವೆ_ಬಂದವನು, ನಿಮ್ಮ ಹದಿನೈದು ನಿಮಿಷದ ಗೆರೆ ಎಲ್ಲಿಂದ ಬಂತು? ಎಷ್ಟು ನಿಮಿಷ ಅನ್ನುವುದಲ್ಲ ಲೆಕ್ಕ, ಅದು ಯಾವ ಥರದ ಕೆಲಸ ಅನ್ನುವುದು.

ಕಲಾವಿದ ಆಂಟನಿ ಮೆಕಾಲ್ ಅವರ 1973ರ ಒಂದು ಕೃತಿ ಇದೆ, 'ಲೈನ್ ಡಿಸ್ಕ್ರೈಬಿಂಗ್ ಎ ಕೋನ್'. 16 ಎಂಎಂ ಫಿಲ್ಮ್, 30 ನಿಮಿಷ. ತೆರೆಯ ಮೇಲೆ ಏನಿದೆ? ಒಂದು ಬಿಳಿ ಚುಕ್ಕಿ. ಅದು ನಿಧಾನವಾಗಿ ಗೆರೆಯಾಗಿ ಬೆಳೆದು ಪೂರ್ತಿ ವೃತ್ತವಾಗುತ್ತದೆ. ಕೂತು ತೆರೆ ನೋಡಿದರೆ ಏನೂ ಇಲ್ಲ. ನೋಡಬೇಕಾದದ್ದು ಪ್ರೊಜೆಕ್ಟರಿನಿಂದ ತೆರೆಗೆ ಹೋಗುವ ಬೆಳಕನ್ನು. ಅದು ಗಾಳಿಯಲ್ಲಿ ಶಂಕುವಿನ ಆಕಾರ ತಾಳುತ್ತದೆ. ಜನ ಅದರೊಳಗೆ ಕೈ ಹಾಕುತ್ತಾರೆ, ಒಳಗೆ ನಿಲ್ಲುತ್ತಾರೆ, ಮಕ್ಕಳು ನೆಲಕ್ಕೆ ಮಲಗಿ ಮೇಲೆ ನೋಡುತ್ತಾರೆ. ಇದಕ್ಕೆ ಕುರ್ಚಿ ಹಾಕಿದರೆ ಕೆಲಸವೇ ಕೆಟ್ಟಿತು.

ಇದರಲ್ಲಿ ಇನ್ನೊಂದು ತಮಾಷೆ. ಮೊದಮೊದಲು ಹಳೇ ಗೋದಾಮಿನಂಥ ಜಾಗಗಳಲ್ಲಿ ತೋರಿಸುತ್ತಿದ್ದರು. ಅಲ್ಲಿ ಧೂಳು, ಸಿಗರೇಟ್ ಹೊಗೆ ಬೇಕಾದಷ್ಟು, ಬೆಳಕು ಚೆನ್ನಾಗಿ ಕಾಣುತ್ತಿತ್ತು. ಮ್ಯೂಸಿಯಂಗೆ ಬಂದರೆ ಗಾಳಿ ಶುದ್ಧ, ಬೆಳಕಿನ ಶಂಕುವೇ ಕಾಣುವುದಿಲ್ಲ! ಈಗ ಸಣ್ಣ ಮಂಜು ಬಿಡುವ ಯಂತ್ರ ಇಟ್ಟು ತೋರಿಸುತ್ತಾರೆ. ಮಂಜು ಅಂದಕೂಡಲೇ ಹೊಗೆ ಅಲಾರಂ ಏನು ಮಾಡುವುದು ಅಂತ ಸುರಕ್ಷತೆಯವರ ಜೊತೆ ಬೇರೆಯೇ ಒಂದು ಮೀಟಿಂಗ್.

ಆಂಡಿ ವಾರ್ಹೋಲ್ ಅವರ 'ಎಂಪೈರ್' ತೆಗೆದುಕೊಳ್ಳಿ, 1964ರದು. ಎಂಪೈರ್ ಸ್ಟೇಟ್ ಕಟ್ಟಡವನ್ನು ಸಂಜೆಯಿಂದ ರಾತ್ರಿವರೆಗೆ ಒಂದೇ ಕೋನದಲ್ಲಿ ಹಿಡಿದದ್ದು. ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆದು 16ರಲ್ಲಿ ಓಡಿಸುತ್ತಾರೆ, ಹಾಗಾಗಿ 8 ಗಂಟೆ 5 ನಿಮಿಷ. ಇದನ್ನು ಕೂತೇ ನೋಡಬೇಕು ಅಂತ ಹಟ ಹಿಡಿಯುತ್ತೀರಾ? ಹಿಡಿಯುವವರು ಇದ್ದಾರೆ, ಅವರಿಗೆ ನಮಸ್ಕಾರ. ಆದರೆ ಹೋಗಿ ಬಂದು ಮಾಡಿದರೂ ಅದು ಏನನ್ನೋ ಕೊಡುತ್ತದೆ. ಊಟ ಮುಗಿಸಿ ಬಂದಾಗ ಕಟ್ಟಡದ ದೀಪ ಹತ್ತಿರುತ್ತದೆ.

ನಡುವೆ_ಬಂದವನು:

@ಗೋಡೆಗೆ_ಮೊಳೆ, ಸರಿ, ಆದರೆ ನೀವು ಆರಿಸಿ ಆರಿಸಿ ಅಪರೂಪದ್ದನ್ನೇ ಹೇಳುತ್ತಿದ್ದೀರಿ. ನಾನು ಹೇಳುತ್ತಿರುವುದು ಕಥೆ ಇರುವ, ಮಾತು ಇರುವ, ಒಬ್ಬರು ಕ್ಯಾಮೆರಾ ಮುಂದೆ ಕೂತು ತಮ್ಮ ಜೀವನ ಹೇಳುವಂಥ ವಿಡಿಯೋಗಳ ಬಗ್ಗೆ. ಅಂಥವಕ್ಕೆ ಮೊದಲು, ಕೊನೆ ಅಂತ ಇದೆ. ನಡುವೆ ನುಗ್ಗಿದರೆ ಮಾತಾಡುತ್ತಿರುವವರಿಗೇ ಅವಮಾನ ಅನಿಸುತ್ತದೆ.

ಕಡತ_ಅಕ್ಕ:

@ಯಾಕ್_ಸ್ವಾಮಿ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಮ್ಯೂಸಿಯಂ ಸಂಗ್ರಹದ ದಾಖಲೆ ನೋಡಿಕೊಳ್ಳುವವಳು, ಈ ಲಿಂಕ್ ಪ್ರಶ್ನೆ ನಮಗೆ ಯಾವಾಗಲೂ ಬರುತ್ತದೆ.

ಒಂದು, ಕಲಾವಿದರ ವಿಡಿಯೋಗಳು ಸಾಮಾನ್ಯವಾಗಿ ಎಡಿಷನ್ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಮೂರು, ಐದು, ಆರು ಪ್ರತಿ, ಜೊತೆಗೆ ಕಲಾವಿದರ ಕೈಯಲ್ಲಿ ಒಂದೋ ಎರಡೋ. ಮ್ಯೂಸಿಯಂ ಕೊಳ್ಳುವುದು ಬರೀ ಫೈಲ್ ಅಲ್ಲ. ಅದರ ಜೊತೆ ಒಂದು ಒಪ್ಪಂದ ಇರುತ್ತದೆ: ತೆರೆ ಎಷ್ಟು ದೊಡ್ಡದಿರಬೇಕು, ಗೋಡೆ ಯಾವ ಬಣ್ಣ, ನೆಲಕ್ಕೆ ಕಾರ್ಪೆಟ್ ಬೇಕಾ, ಶಬ್ದ ಎಷ್ಟು, ಕೂರುವ ವ್ಯವಸ್ಥೆ ಏನು, ಹಾರ್ಡ್‌ವೇರ್ ಹಳತಾದರೆ ಯಾರನ್ನು ಕೇಳಿ ಬದಲಿಸಬೇಕು. ಅಂತರ್ಜಾಲಕ್ಕೆ ಹಾಕಬಹುದು ಅಂತ ಅದರಲ್ಲಿ ಬರೆದಿರುವುದು ಕಡಿಮೆ.

ಎರಡು, ಪ್ರಿಂಟ್ ನಮ್ಮದಾದರೂ ತೋರಿಸುವ ಹಕ್ಕು ನಮ್ಮದಲ್ಲ. ಇದು ಹೊರಗಿನವರಿಗೆ ಅರ್ಥ ಮಾಡಿಸುವುದೇ ಕಷ್ಟ. ಕಪಾಟಿನಲ್ಲಿ ಡಬ್ಬಿ ಇರುತ್ತದೆ, ನಿಗಾ ನಮ್ಮದು, ಬಿಲ್ಲು ನಮ್ಮದು. ಆದರೆ ಸಾರ್ವಜನಿಕವಾಗಿ ತೋರಿಸಲು ಹಕ್ಕುದಾರರ ಒಪ್ಪಿಗೆ ಬೇಕು. ಹಳೇ ಚಿತ್ರಗಳಲ್ಲಿ ಕಂಪನಿ ಮುಚ್ಚಿರುತ್ತದೆ, ಹಕ್ಕು ಯಾರಿಗೆ ಹೋಯಿತು ಅಂತ ಹುಡುಕುವುದರಲ್ಲೇ ತಿಂಗಳುಗಳು ಹೋಗುತ್ತವೆ.

ಕಲಾವಿದ ಕ್ರಿಶ್ಚಿಯನ್ ಮಾರ್ಕ್ಲೇ ಅವರ 'ದ ಕ್ಲಾಕ್' ಹೇಳುತ್ತೇನೆ. 2010ರದು, 24 ಗಂಟೆ ಉದ್ದ. ಗಡಿಯಾರ, ವಾಚು, ಇಲ್ಲವೇ ಯಾರೋ ಸಮಯ ಕೇಳುವ ಮಾತು ಇರುವ ಸಾವಿರಾರು ಸಿನಿಮಾ ತುಣುಕುಗಳನ್ನು ಜೋಡಿಸಿದ್ದು. ತೆರೆಯ ಮೇಲೆ 3 ಗಂಟೆ 10 ನಿಮಿಷ ಅಂದರೆ ನಿಮ್ಮ ಕೈಗಡಿಯಾರದಲ್ಲೂ ಅಷ್ಟೇ ಆಗಿರುತ್ತದೆ, ಸ್ಥಳೀಯ ಸಮಯಕ್ಕೆ ಹೊಂದಿಸಿ ಓಡಿಸುತ್ತಾರೆ. 2011ರಲ್ಲಿ ವೆನಿಸ್ ಬಿನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನದಲ್ಲಿ ಗೋಲ್ಡನ್ ಲಯನ್ ಪ್ರಶಸ್ತಿ ಬಂತು. ಎಡಿಷನ್ ಆರು. ಲಂಡನ್ನಿನ ಟೇಟ್, ಪ್ಯಾರಿಸ್ಸಿನ ಪಾಂಪಿಡೂ, ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂ, ಮೂರೂ ಸೇರಿ ಒಂದು ಪ್ರತಿ ಕೊಂಡವು. ಮನೆಯ ಫೋನಿನಲ್ಲಿ ಅದನ್ನು ನಿಲ್ಲಿಸಿ, ಹಿಂದೆ ಓಡಿಸಿ ನೋಡಿದರೆ ಅದು ಆ ಕೃತಿಯೇ ಅಲ್ಲ.

@ನಡುವೆ_ಬಂದವನು, ಅಂದಹಾಗೆ ಅದಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಎಲ್ಲರೂ ನಡುವೆ ಬಂದವರೇ. 😊 ಸೋಫಾ ಮಾತ್ರ ಇರುತ್ತದೆ, ಅದೂ ಕಲಾವಿದರ ಷರತ್ತು. ಮ್ಯೂಸಿಯಂ ಸಂಜೆ ಮುಚ್ಚುವುದರಿಂದ ರಾತ್ರಿಯ ಭಾಗ ಯಾರಿಗೂ ಕಾಣುವುದಿಲ್ಲ, ಹಾಗಾಗಿ ಆಗಾಗ ರಾತ್ರಿಯಿಡೀ ಬಾಗಿಲು ತೆರೆದಿಡುತ್ತಾರೆ. ನಸುಕಿನ ನಾಲ್ಕು ಗಂಟೆಯ ಭಾಗ ನೋಡಲು ಜನ ಸಾಲು ನಿಲ್ಲುತ್ತಾರೆ.

ಯಾಕ್_ಸ್ವಾಮಿ:

ಅಕ್ಕ, ಒಪ್ಪಿದೆ. ಆದರೂ ಆರೇ ಪ್ರತಿ ಅನ್ನುವುದು ನನಗೆ ಸರಿ ಬರಲ್ಲ. ವಿಡಿಯೋ ಅಂದರೆ ಎಷ್ಟು ಬೇಕಾದರೂ ನಕಲು ಮಾಡಬಹುದು ಅನ್ನುವುದೇ ಅದರ ಗುಣ. ಬೇಕಂತಲೇ ಕೈಕಟ್ಟಿ ಅಪರೂಪ ಮಾಡಿದ ಹಾಗೆ ಅಲ್ವಾ?

ಕಡತ_ಅಕ್ಕ:

ಹೌದು, ಬೇಕಂತಲೇ. ಸಿನಿಮಾ ಟಿಕೆಟ್ಟಿನಿಂದ ದುಡಿಯುತ್ತದೆ, ಇವರಿಗೆ ಆ ದಾರಿ ಇಲ್ಲ. ಶಿಲ್ಪ ಮಾರುವ ಹಾಗೆ ಮಾರಿದರೆ ಮಾತ್ರ ಮುಂದಿನ ಕೆಲಸಕ್ಕೆ ಹಣ. ನನಗೂ ಇದು ಪೂರ್ತಿ ಇಷ್ಟ ಅಂತಲ್ಲ. ಕೆಲವರು ಒಂದೇ ಕೃತಿಯನ್ನು ಎಡಿಷನ್ ಆಗಿ ಮಾರುತ್ತಾರೆ, ಜೊತೆಗೆ ವಿತರಕರ ಮೂಲಕ ಸಭಾಂಗಣ ಪ್ರದರ್ಶನಕ್ಕೆ ಬಾಡಿಗೆಗೂ ಕೊಡುತ್ತಾರೆ. ಅದು ಒಳ್ಳೇ ದಾರಿ.

ಕುಂಚ_ಬಿಟ್ಟವಳು:

ಚಿತ್ರಕಲೆ ಕಲಿತು ವಿಡಿಯೋಗೆ ಬಂದವಳು ನಾನು. ಇದೇನೋ ಹೊಸ ಫ್ಯಾಷನ್ ಅನ್ನುವವರಿಗೆ ಒಂದು ಮಾತು. ಎಂ. ಎಫ್. ಹುಸೇನ್ 1967ರಲ್ಲೇ 'ಥ್ರೂ ದ ಐಸ್ ಆಫ್ ಎ ಪೇಂಟರ್' ಮಾಡಿ ಬರ್ಲಿನ್ ಚಿತ್ರೋತ್ಸವದಲ್ಲಿ ಕಿರುಚಿತ್ರಕ್ಕೆ ಗೋಲ್ಡನ್ ಬೇರ್ ಪಡೆದರು. 1969ರಲ್ಲಿ ಚಿತ್ರಕಾರ ಅಕ್ಬರ್ ಪದಮ್‌ಸೀ ತಮ್ಮ ಫೆಲೋಶಿಪ್ ಹಣದಲ್ಲಿ ಮುಂಬೈಯಲ್ಲಿ ವಿಷನ್ ಎಕ್ಸ್‌ಚೇಂಜ್ ವರ್ಕ್‌ಶಾಪ್ ಶುರು ಮಾಡಿದರು. ಕಲಾವಿದೆ ನಳಿನಿ ಮಲಾನಿ ಚಿಕ್ಕ ವಯಸ್ಸಿನಲ್ಲಿ ಫಿಲ್ಮ್ ಕೆಲಸ ಶುರು ಮಾಡಿದ್ದು ಅಲ್ಲೇ. ಪದಮ್‌ಸೀ ಅಲ್ಲಿ 'ಇವೆಂಟ್ಸ್ ಇನ್ ಎ ಕ್ಲೌಡ್ ಚೇಂಬರ್' ಅಂತ ಒಂದು ಚಿತ್ರ ಮಾಡಿದ್ದರು. ಇದ್ದದ್ದು ಒಂದೇ ಪ್ರಿಂಟ್. ಅದು ಕಳೆದುಹೋಯಿತು. 2016ರಲ್ಲಿ ನಿರ್ದೇಶಕ ಆಶಿಮ್ ಅಹ್ಲುವಾಲಿಯಾ ಆ ಕಳೆದ ಚಿತ್ರದ ಬೆನ್ನು ಹತ್ತಿ, ವಯಸ್ಸಾದ ಪದಮ್‌ಸೀ ಜೊತೆ ಕೂತು ಅದೇ ಹೆಸರಿನಲ್ಲಿ ಇನ್ನೊಂದು ಚಿತ್ರ ಮಾಡಿದರು.

ಕ್ಯಾನ್ವಾಸ್ ಆಗಿದ್ದರೆ ಯಾರಾದರೂ ಹುಷಾರಾಗಿ ಇಡುತ್ತಿದ್ದರು. ಡಬ್ಬಿಯೊಳಗಿನ ಫಿಲ್ಮ್‌ಗೆ ಆ ಮರ್ಯಾದೆ ಇರಲಿಲ್ಲ. ಮ್ಯೂಸಿಯಂ ಯಾಕೆ ಬೇಕು ಅನ್ನುವವರು ಇದನ್ನು ಯೋಚಿಸಿ.

ರೀಲು_ಮಾಮ:

ಪ್ರಿಂಟ್ ವಿಷಯ ಬಂದದ್ದಕ್ಕೆ ಹೇಳುತ್ತೇನೆ. 1951ರವರೆಗೆ ಕೊಡಾಕ್ ನೈಟ್ರೇಟ್ ಫಿಲ್ಮ್ ಮಾಡುತ್ತಿತ್ತು. ಅದಕ್ಕೆ ಬೆಂಕಿ ಹತ್ತಿದರೆ ನೀರು ಹಾಕಿದರೂ ಆರುವುದಿಲ್ಲ, ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ. 1978ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಹೌಸ್‌ನಲ್ಲಿ (ಈಗ ಈಸ್ಟ್‌ಮನ್ ಮ್ಯೂಸಿಯಂ) 300ಕ್ಕೂ ಹೆಚ್ಚು ಚಿತ್ರಗಳ ಮೂಲ ನೆಗೆಟಿವ್ ಸುಟ್ಟುಹೋದವು. 2003ರ ಜನವರಿಯಲ್ಲಿ ಪುಣೆಯಲ್ಲಿ ನಮ್ಮ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ನ ನೈಟ್ರೇಟ್ ಪ್ರಿಂಟುಗಳೂ ಬೆಂಕಿಗೆ ಹೋದವು. ನಂತರ ಬಂದ ಅಸಿಟೇಟ್ ಫಿಲ್ಮ್ ಹಾಗೆ ಧಗ್ಗನೆ ಉರಿಯುವುದಿಲ್ಲ, ಆದರೆ ಕೊಳೆಯುತ್ತದೆ. ಡಬ್ಬಿ ಮುಚ್ಚಳ ತೆಗೆದರೆ ವಿನೆಗರ್ ಘಾಟು ಮೂಗಿಗೆ ಹೊಡೆಯುತ್ತದೆ. ಫಿಲ್ಮ್ ಕುಗ್ಗಿ, ಅಂಚು ಅಲೆಅಲೆಯಾಗಿ, ಪ್ರೊಜೆಕ್ಟರ್ ಹಲ್ಲಿಗೆ ಕೂರುವುದೇ ಇಲ್ಲ. ಒಂದು ಡಬ್ಬಿಗೆ ಬಂದರೆ ಆ ಆವಿ ಪಕ್ಕದ ಡಬ್ಬಿಯನ್ನೂ ಹಾಳು ಮಾಡುತ್ತದೆ. ತಣ್ಣಗೆ, ಒಣಗಿದ ಜಾಗದಲ್ಲಿ ಇಡುವುದೊಂದೇ ದಾರಿ. ಮೋಮಾ ಇದಕ್ಕಾಗಿಯೇ 1996ರಲ್ಲಿ ಪೆನ್ಸಿಲ್ವೇನಿಯಾದ ಹ್ಯಾಮ್ಲಿನ್‌ನಲ್ಲಿ ಬೇರೆ ಕಟ್ಟಡ ಮಾಡಿತು.

ಆದರೂ ನೈಟ್ರೇಟ್ ಪ್ರಿಂಟನ್ನು ತೆರೆಯ ಮೇಲೆ ಓಡಿಸುವ ಜಾಗಗಳು ಜಗತ್ತಿನಲ್ಲಿ ಕೆಲವು ಇನ್ನೂ ಇವೆ. ಅದೇ ಈಸ್ಟ್‌ಮನ್ ಮ್ಯೂಸಿಯಂ 2015ರಿಂದ ಅದಕ್ಕೆಂದೇ ಉತ್ಸವ ಮಾಡುತ್ತಿದೆ. ಸುಟ್ಟುಕೊಂಡವರೇ ಬೆಂಕಿಯ ಜೊತೆ ಸಂಸಾರ ಕಲಿತರು!

ಗೋಡೆಗೆ_ಮೊಳೆ:

ಮಾಮ, ಗ್ಯಾಲರಿಯಲ್ಲಿ 16 ಎಂಎಂ ಓಡಿಸುವ ಕಷ್ಟವನ್ನೂ ಸೇರಿಸಿಕೊಳ್ಳಿ. ದಿನಕ್ಕೆ 8 ಗಂಟೆ ಬಾಗಿಲು ತೆರೆದರೆ 10 ನಿಮಿಷದ ಚಿತ್ರ 48 ಸಲ ಓಡುತ್ತದೆ. ಸಭಾಂಗಣದಲ್ಲಿ ಒಂದು ಪ್ರಿಂಟ್ ವರ್ಷಗಟ್ಟಲೆ ಮಾಡುವ ಕೆಲಸವನ್ನು ಇಲ್ಲಿ ಒಂದು ದಿನದಲ್ಲಿ ಮಾಡಿಸುತ್ತೇವೆ. ಗೀರು ಬೀಳುತ್ತದೆ, ಧೂಳು ಹಿಡಿಯುತ್ತದೆ, ಅಂಟಿಸಿದ ಜಾಗ ಬಿಡುತ್ತದೆ. ಪ್ರದರ್ಶನ ಮುಗಿಯುವುದರೊಳಗೆ ಪ್ರಿಂಟ್ ಮೇಲೆ ಪ್ರಿಂಟ್ ಬದಲಿಸಬೇಕು. ಹೊಸ ಪ್ರಿಂಟ್ ಹಾಕಿಕೊಡುವ ಲ್ಯಾಬ್‌ಗಳೇ ಕಮ್ಮಿ. ಕಲಾವಿದೆ ಟಸಿಟಾ ಡೀನ್ 2011ರಲ್ಲಿ ಟೇಟ್ ಮಾಡರ್ನ್‌ನ ಟರ್ಬೈನ್ ಹಾಲ್‌ನಲ್ಲಿ 'ಫಿಲ್ಮ್' ಅಂತ 11 ನಿಮಿಷದ 35 ಎಂಎಂ ಕೃತಿಯನ್ನು 13 ಮೀಟರ್ ಎತ್ತರಕ್ಕೆ ನಿಲ್ಲಿಸಿ ತೋರಿಸಿದರು. ಅವರು ನಂಬಿಕೊಂಡಿದ್ದ ಲಂಡನ್ ಲ್ಯಾಬ್ 16 ಎಂಎಂ ಪ್ರಿಂಟ್ ಹಾಕುವುದು ನಿಲ್ಲಿಸಿದ್ದೂ ಅದೇ ವರ್ಷ.

ಟೀವಿ ಡಬ್ಬಗಳದ್ದು ಇನ್ನೊಂದು ಕಥೆ. ವಿಡಿಯೋ ಕಲಾವಿದ ನಾಮ್ ಜೂನ್ ಪೈಕ್ ಅವರ 1995ರ 'ಎಲೆಕ್ಟ್ರಾನಿಕ್ ಸೂಪರ್‌ಹೈವೇ' ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂನಲ್ಲಿದೆ, 300ಕ್ಕೂ ಹೆಚ್ಚು ಟೀವಿ. ಆ ಗಾಜಿನ ಉಬ್ಬು ಟೀವಿ ಈಗ ಯಾರೂ ತಯಾರಿಸುವುದಿಲ್ಲ. ಮ್ಯೂಸಿಯಂನವರು ಹಳೇ ಟೀವಿ ಹುಡುಕಿ ಗೋದಾಮಿನಲ್ಲಿ ಕೂಡಿಡುತ್ತಾರೆ. ಅದು ಮುಗಿದ ಮೇಲೆ? ಚಪ್ಪಟೆ ಪರದೆ ಹಾಕಿದರೆ ಅದು ಪೈಕ್ ಮಾಡಿದ ಶಿಲ್ಪವಾ? ಈ ಜಗಳ ಇನ್ನೂ ನಡೆಯುತ್ತಿದೆ.

ಕಡತ_ಅಕ್ಕ:

ಅದಕ್ಕೇ ಕೊಳ್ಳುವ ದಿನವೇ ಕಲಾವಿದರನ್ನು ಕೂರಿಸಿಕೊಂಡು ಕೇಳಬೇಕು, ನಿಮಗೆ ಯಾವುದು ಮುಖ್ಯ ಅಂತ. ಡಬ್ಬವಾ, ಚಿತ್ರವಾ, ಪ್ರೊಜೆಕ್ಟರಿನ ಕಟಕಟ ಸದ್ದಾ? ಆಮೇಲೆ ಕೇಳಲು ಅವರು ಇರಬೇಕಲ್ಲ.

ಸದ್ದಿಲ್ಲದವನು:

ನನಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ಇಷ್ಟು ಚರ್ಚೆಯಲ್ಲಿ ಸಬ್‌ಟೈಟಲ್ ವಿಷಯ ಯಾರೂ ಎತ್ತಿಲ್ಲ. ಸಭಾಂಗಣದ ಸಿನಿಮಾದಲ್ಲಿ ಬೇರೆ ಭಾಷೆ ಅಂತಾದರೂ ಅಡಿಬರಹ ಇರುತ್ತದೆ. ಗ್ಯಾಲರಿ ವಿಡಿಯೋದಲ್ಲಿ ಅದೂ ಇಲ್ಲ. ಕೇಳಿದರೆ, ತೆರೆಯ ಮೇಲೆ ಅಕ್ಷರ ಬಂದರೆ ಚಿತ್ರ ಕೆಡುತ್ತದೆ ಅನ್ನುತ್ತಾರೆ. ಒಳಗೆ ಹೋಗುವ ದಾರಿ ಕತ್ತಲು, ತಿರುವು ಬೇರೆ, ಗಾಲಿಕುರ್ಚಿಯಲ್ಲಿ ಬಂದವರು ಎಲ್ಲಿ ನಿಲ್ಲಬೇಕು ಅಂತ ಗುರುತಿಲ್ಲ. ಬೆಳಕು ಪಟಪಟ ಹೊಡೆಯುವ ಚಿತ್ರವಾದರೆ ಮೂರ್ಛೆ ಕಾಯಿಲೆ ಇರುವವರಿಗೆ ಬಾಗಿಲಲ್ಲೇ ಎಚ್ಚರಿಕೆ ಬೇಕು. ಈಗೀಗ ಹಾಕುತ್ತಿದ್ದಾರೆ, ಎಲ್ಲ ಕಡೆ ಇಲ್ಲ.

ಗೋಡೆಗೆ_ಮೊಳೆ:

ನ್ಯಾಯವಾದ ದೂರು. ತಿರುವು ಯಾಕೆ ಅಂತ ಮಾತ್ರ ಹೇಳುತ್ತೇನೆ. ಬಾಗಿಲು ಹಾಕಿದರೆ ಜನ ಒಳಗೆ ಬರಲು ಹಿಂಜರಿಯುತ್ತಾರೆ. ಬರೀ ಪರದೆ ಹಾಕಿದರೆ ಪ್ರತಿ ಸಲ ಸರಿಸಿದಾಗ ಹೊರಗಿನ ಬೆಳಕು ತೆರೆಗೆ ಬಡಿಯುತ್ತದೆ. ಹಾಗಾಗಿ ಗೋಡೆಯನ್ನೇ ಎರಡು ಸಲ ತಿರುಗಿಸಿ ಬೆಳಕು ತಡೆಯುತ್ತೇವೆ. ಪಕ್ಕದಲ್ಲಿ ಕಾಗದದ ಚಿತ್ರಗಳಿದ್ದರೆ ಒಂದು ಅನುಕೂಲ, ಅವಕ್ಕೆ ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಬೆಳಕೇ ಮಿತಿ, ಆ ಕೋಣೆಯೇ ಮಂದ. ದೊಡ್ಡ ಕಿಟಕಿಯ ಶಿಲ್ಪದ ಕೋಣೆ ಪಕ್ಕ ಬಂದರೆ ಮುಗೀತು. ತಿರುವು ಗಾಲಿಕುರ್ಚಿ ತಿರುಗುವಷ್ಟು ಅಗಲ ಇರಬೇಕು, ಕೆಳಗೆ ಸಣ್ಣ ದೀಪದ ಪಟ್ಟಿ ಬೇಕು. ಜಾಗ ಕಮ್ಮಿ ಅಂತ ಮೊದಲು ಕತ್ತರಿ ಬೀಳುವುದೇ ಅಲ್ಲಿ, ಅದು ತಪ್ಪು.

ಅಕ್ಷರ ಬೇಡ ಅನ್ನುವ ಕಲಾವಿದರಿಗೆ ತೆರೆಯ ಕೆಳಗೆ ಬೇರೆಯೇ ಸಣ್ಣ ಪಟ್ಟಿಯಲ್ಲಿ ಹಾಕಿ ತೋರಿಸಿದರೆ ಒಪ್ಪುತ್ತಾರೆ. ಕೇಳಬೇಕು ಅಷ್ಟೆ.

ಕುಂಚ_ಬಿಟ್ಟವಳು:

ಅಡಿಬರಹದ ಬಗ್ಗೆ ನಮ್ಮವರದ್ದೇ ತಪ್ಪು ಜಾಸ್ತಿ, ಒಪ್ಪುತ್ತೇನೆ.

ಶಬ್ದದ ವಿಷಯವೂ ಇದೆ. ನನ್ನ ಒಂದು ವಿಡಿಯೋ ಪೂರ್ತಿ ಪಿಸುಮಾತು. ಒಂದು ಕಡೆ ಅದನ್ನು ಡೋಲು ಬಾರಿಸುವ ಇನ್ನೊಂದು ವಿಡಿಯೋದ ಪಕ್ಕ ಹಾಕಿದ್ದರು. ನಡುವೆ ಪ್ಲೈವುಡ್ ಗೋಡೆ, ಮೇಲೆ ಛಾವಣಿ ತೆರೆದೇ ಇದೆ. ಎಷ್ಟು ಹೇಳಿದರೂ 'ಹೆಡ್‌ಫೋನ್ ಕೊಡುತ್ತೇವೆ' ಅಂದರು. ಹೆಡ್‌ಫೋನ್ ಹಾಕಿಕೊಂಡರೂ ಡೋಲು ಎದೆಗೇ ಬಡಿಯುತ್ತದೆ! ಆಗ ನನಗೂ ಅನಿಸಿದ್ದು, ಸುಮ್ನೆ ಸಭಾಂಗಣದಲ್ಲಿ ಒಂದು ಸಂಜೆ ತೋರಿಸಿದ್ದರೆ ಸಾಕಿತ್ತು ಅಂತ.

ರೀಲು_ಮಾಮ:

ಬನ್ನಿ ಬನ್ನಿ, ನಮ್ಮ ಕಡೆಗೆ ಬನ್ನಿ ತಾಯಿ. ಆದರೆ ಸಭಾಂಗಣದಲ್ಲೂ ಈಗ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಆರ್ಕೈವ್ ಪ್ರಿಂಟ್ ಕಳಿಸಬೇಕಾದರೆ ಮೊದಲು ನಮ್ಮ ಜಾತಕ ಕೇಳುತ್ತಾರೆ: ಎರಡು ಪ್ರೊಜೆಕ್ಟರ್ ಇದೆಯಾ, ಎಲ್ಲ ರೀಲನ್ನೂ ಅಂಟಿಸಿ ಒಂದೇ ದೊಡ್ಡ ತಟ್ಟೆಗೆ ಸುತ್ತುವ ಪದ್ಧತಿ ಇಲ್ಲ ತಾನೆ, ಓಡಿಸುವವರು ಯಾರು. ಡಿಜಿಟಲ್ ಪ್ಯಾಕೇಜ್, ಅಂದರೆ ರೀಲಿನ ಬದಲು ಫೈಲಾಗಿ ಬರುವ ಸಿನಿಮಾ ಆದರೆ ಬೇರೆ ತಲೆನೋವು. ಫೈಲಿಗೆ ಬೀಗ, ಆ ಬೀಗಕ್ಕೆ ಕೀ, ಆ ಕೀಗೆ ಗಡುವು. ಒಂದು ಕಡೆ ಸಂಜೆ ಆರಕ್ಕೆ ಪ್ರದರ್ಶನ, ಕೀ ತೆರೆಯುವುದು ಏಳಕ್ಕೆ ಅಂತ ಬಂದಿತ್ತು, ಕಳಿಸಿದವರು ಬೇರೆ ದೇಶದ ಗಂಟೆ ಹಾಕಿದ್ದರು. ಸಭಾಂಗಣ ತುಂಬಿದೆ, ತೆರೆ ಬಿಳಿ. ಮಾತಾಡಲು ಬಂದಿದ್ದ ಪ್ರಾಧ್ಯಾಪಕರು ಕೊನೆಗೆ ಹೇಳಬೇಕಾದ್ದನ್ನೆಲ್ಲ ಮೊದಲೇ ಹೇಳಿದರು, ಕಥೆಯ ಕೊನೆಯನ್ನೂ ಸೇರಿಸಿ.

ಯಾಕ್_ಸ್ವಾಮಿ:

😂 ಮಾಮ, ಎರಡು ಪ್ರೊಜೆಕ್ಟರ್ ಯಾಕೆ?

ರೀಲು_ಮಾಮ:

35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ. ಒಂದು ರೀಲು 2000 ಅಡಿ, ಅಂದರೆ 22 ನಿಮಿಷ. ಎರಡು ಗಂಟೆ ಸಿನಿಮಾ ಅಂದರೆ ಐದಾರು ರೀಲು. ಒಂದು ಯಂತ್ರದಲ್ಲಿ ಓಡುತ್ತಿರುವಾಗ ಇನ್ನೊಂದರಲ್ಲಿ ಮುಂದಿನ ರೀಲು ಹಾಕಿಕೊಂಡು ಕಾಯಬೇಕು. ತೆರೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ, ನೋಡಿದ್ದೀರಾ? ಅದು ಕಂಡರೆ ಎರಡನೇ ಯಂತ್ರದ ಮೋಟಾರು ಆನ್. ಸುಮಾರು ಏಳು ಸೆಕೆಂಡಿಗೆ ಇನ್ನೊಂದು ಚುಕ್ಕೆ. ಆಗ ಬೆಳಕು ಅತ್ತಿಂದ ಇತ್ತ. ಸರಿಯಾಗಿ ಮಾಡಿದರೆ ನಿಮಗೆ ಗೊತ್ತೇ ಆಗಬಾರದು. ಕಣ್ಣು ರೆಪ್ಪೆ ಬಡಿದು ಮೊದಲ ಚುಕ್ಕೆ ತಪ್ಪಿದರೆ, ಇಡೀ ಸಭಾಂಗಣಕ್ಕೆ ಗೊತ್ತಾಗುತ್ತದೆ.

ನಡುವೆ_ಬಂದವನು:

ಚರ್ಚೆ ಎಲ್ಲೆಲ್ಲೋ ಹೋಯಿತು, ಒಳ್ಳೆಯದೇ ಆಯಿತು. ಹದಿನೈದು ನಿಮಿಷದ ಗೆರೆ ಬಿಡುತ್ತೇನೆ, ಮೆಕಾಲ್ ಉದಾಹರಣೆ ಅಷ್ಟು ಗಟ್ಟಿ ಇದೆ. ಆದರೆ ಮೂಲ ದೂರು ಬಿಡುವುದಿಲ್ಲ. ಮೊದಲು, ಕೊನೆ ಇರುವ ಕೃತಿಯಾದರೆ ಅದು ಎಷ್ಟು ಗಂಟೆಗೆ ಶುರುವಾಗುತ್ತದೆ ಅಂತ ಬಾಗಿಲಲ್ಲಿ ಬರೆಯಿರಿ. ಲೂಪ್ ಇರಲಿ, ಬೆಂಚು ಇರಲಿ. 2:10ಕ್ಕೆ ಶುರು ಅಂತ ಗೊತ್ತಾದರೆ ಅಷ್ಟರಲ್ಲಿ ಬೇರೆ ಚಿತ್ರ ನೋಡಿಕೊಂಡು ಬರುತ್ತೇನೆ. ಒಂದು ಕಾಗದದ ಚೀಟಿ ಅಂಟಿಸಲು ಏನು ಕಷ್ಟ?

ಗೋಡೆಗೆ_ಮೊಳೆ:

ಕಷ್ಟ ಇದೆ, ಕೇಳಿ. 47 ನಿಮಿಷದ ಲೂಪ್ ಬೆಳಗ್ಗೆ 10ಕ್ಕೆ ಶುರು ಮಾಡಿದರೆ 10:47, 11:34, 12:21 ಹೀಗೆ ಹೋಗುತ್ತದೆ. ಈ ಪಟ್ಟಿಯನ್ನು ಯಾರೂ ನೆನಪಿಡುವುದಿಲ್ಲ, ಇರಲಿ. ಮಧ್ಯಾಹ್ನ ಒಂದು ಕ್ಷಣ ಕರೆಂಟ್ ಹೋಗಿ ಪ್ಲೇಯರ್ ತಾನೇ ಮೊದಲಿಂದ ಶುರು ಮಾಡಿಕೊಂಡರೆ ಅಂಟಿಸಿದ ಚೀಟಿ ಪೂರ್ತಿ ಸುಳ್ಳು. ಬಾಗಿಲಲ್ಲಿ 'ಇನ್ನು ಇಷ್ಟು ನಿಮಿಷ' ಅಂತ ತೋರಿಸುವ ಸಣ್ಣ ಪರದೆ ಇಟ್ಟು ನೋಡಿದೆವು. ಅದರ ಬೆಳಕೇ ಒಳಗೆ ಸೋರಿತು, ಕಲಾವಿದರು ತೆಗೆಸಿದರು.

ಈಗ ನಾನು ಮಾಡುವುದು ಹೀಗೆ. 47 ನಿಮಿಷದ ಫೈಲಿಗೆ 13 ನಿಮಿಷ ಖಾಲಿ ಕಪ್ಪು ಸೇರಿಸುತ್ತೇನೆ. ಪ್ಲೇಯರ್‌ಗೆ ಗಡಿಯಾರದ ಸಮಯ ಕೊಡುತ್ತೇನೆ. ಕರೆಂಟ್ ಹೋಗಿ ಬಂದರೂ ಮುಂದಿನ ಗಂಟೆಗೆ ಕಾದು ಸರಿಯಾಗಿ ಶುರು ಮಾಡುತ್ತದೆ. ಬಾಗಿಲಲ್ಲಿ ಒಂದೇ ಸಾಲು: 'ಪ್ರತಿ ಗಂಟೆಗೆ ಸರಿಯಾಗಿ ಶುರು.'

ಕುಂಚ_ಬಿಟ್ಟವಳು:

ಒಂದು ನಿಮಿಷ. ಆ 13 ನಿಮಿಷ ಕತ್ತಲಲ್ಲಿ ಒಳಗೆ ಬಂದವರು ಪ್ರೊಜೆಕ್ಟರ್ ಕೆಟ್ಟಿದೆ ಅಂತ ವಾಪಸ್ ಹೋಗಲ್ವಾ? ನನ್ನ ಕೃತಿ ಮುಗಿದ ತಕ್ಷಣ ಮೊದಲಿಂದ ಶುರುವಾಗಬೇಕು, ಕೊನೆಯ ದೃಶ್ಯ ಮೊದಲ ದೃಶ್ಯಕ್ಕೆ ಕೂಡಿಕೊಳ್ಳಬೇಕು ಅಂತಲೇ ಕತ್ತರಿಸಿರುತ್ತೇನೆ. ನಡುವೆ ನಿಮ್ಮ ಕಪ್ಪು ಯಾಕೆ ಬರಬೇಕು?

ಕಡತ_ಅಕ್ಕ:

ಒಪ್ಪಂದದಲ್ಲಿ 'ನಿರಂತರ ಲೂಪ್' ಅಂತ ಬರೆದಿದ್ದರೆ ಕಪ್ಪು ಸೇರಿಸುವುದು ಷರತ್ತು ಮುರಿದ ಹಾಗೆ. ಮೊದಲು ಪತ್ರ ಬರೆದು ಕೇಳಬೇಕು ಮೊಳೆಯವರೇ.

ಗೋಡೆಗೆ_ಮೊಳೆ:

ಕೇಳಿಯೇ ಮಾಡುವುದು ಅಕ್ಕ. ಕೆಲವರು ಒಪ್ಪುತ್ತಾರೆ. ಕೆಲವರು 13 ನಿಮಿಷ ಜಾಸ್ತಿ, ಮೂರು ಮಾಡಿ ಅನ್ನುತ್ತಾರೆ. ಆಗ ಐವತ್ತು ನಿಮಿಷದ ಸುತ್ತು, ಮತ್ತೆ ಅದೇ ತಲೆಕೆಟ್ಟ ಪಟ್ಟಿ. ಕಪ್ಪಿನ ಹೊತ್ತಿನಲ್ಲಿ ದೀಪ ಸ್ವಲ್ಪ ಏರಿಸಿ, ಬೆಂಚು ಕಾಣುವ ಹಾಗೆ ಮಾಡುತ್ತೇನೆ. ಜನ ಕೂರುತ್ತಾರೆ, ಕಾಯುತ್ತಾರೆ.

ನಡುವೆ_ಬಂದವನು:

ಹಾಗಾದರೆ ಅದು ಸಭಾಂಗಣವೇ ಆಯಿತಲ್ಲ! ದೀಪ ಏರುತ್ತದೆ, ಕೂರುತ್ತೇವೆ, ದೀಪ ಆರುತ್ತದೆ, ಶುರು. ನಾನು ಹೇಳಿದ್ದೂ ಅದನ್ನೇ.

ಕುಂಚ_ಬಿಟ್ಟವಳು:

ಅದಕ್ಕೇ ನಾನು ಒಪ್ಪುವುದಿಲ್ಲ ಅಂದದ್ದು. ನನ್ನ ಮುಂದಿನ ವಿಡಿಯೋವನ್ನು ಅರವತ್ತು ನಿಮಿಷಕ್ಕೇ ಕತ್ತರಿಸುತ್ತೇನೆ. ಆಗ ಯಾರ ಕಪ್ಪೂ ಬೇಡ.

ರೀಲು_ಮಾಮ:

ಅರವತ್ತು ನಿಮಿಷ ಅಂದರೆ 35 ಎಂಎಂನಲ್ಲಿ 5400 ಅಡಿ, ಮೂರು ರೀಲು. ಪ್ರಿಂಟ್ ಹಾಕಿಸಿ ಕಳಿಸಿ ತಾಯಿ, ಓಡಿಸುವುದು ನನ್ನ ಜವಾಬ್ದಾರಿ. ಒರಗುವ ಕುರ್ಚಿ ಇದೆ.